ಗಾಡಿಗೆ ನೀರು ಕುಡಿಸುವ ನೆಪ

ಶರಣಪ್ಪ ಕಾಕಾ, ನಿಮ್ಮ ಕಂಡಕ್ಟರ್ ಮಹಾದೇವಿಯ ಶರಣಾರ್ಥಿ.

ನೀವು ನಿವೃತ್ತರಾದ ದಿನ ಡಿಪೋದ ಅಂಗಳದಲ್ಲಿ ನಿಮಗೆ ಶಾಲು ಹೊದಿಸಿ, ಹಾರ ಹಾಕಿ, ಕುರ್ಚಿಯ ಮೇಲೆ ಕೂರಿಸಿದ್ದರಲ್ಲ, ಆ ಮಧ್ಯಾಹ್ನ ಇನ್ನೂ ಕಣ್ಣ ಮುಂದಿದೆ. ಒಬ್ಬೊಬ್ಬರೇ ಎದ್ದು ನಿಮ್ಮ ಬಗ್ಗೆ ಎರಡು ಮಾತು ಹೇಳಿದರು. ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತು, "ಕಾಕಾ ಭಾಳ ಛಲೋ ಮನಷ್ಯಾ" ಎಂದಷ್ಟೇ ಹೇಳಿ ಇಳಿದುಬಿಟ್ಟೆ. ಗಂಟಲಲ್ಲಿ ಇದ್ದ ಮಾತು ಬೇರೆಯೇ ಇತ್ತು. ಆದರೆ ಅಷ್ಟು ಗಂಡಸರ ನಡುವೆ ಅದನ್ನು ಹೇಗೆ... ವರ್ಷ ತುಂಬುವ ಮೊದಲೇ ಕಾಳಗಿಯ ನಿಮ್ಮ ಮನೆಯಲ್ಲಿ ಮಣ್ಣಿಗೆ ಒಯ್ಯುವ ಮೊದಲು ಹಣೆತುಂಬ ವಿಭೂತಿ ಹಚ್ಚಿ ಕೂರಿಸಿದ್ದ ನಿಮ್ಮನ್ನು ಕೊನೆಯ ಸಲ ನೋಡಿದೆ. ಆಗಲೂ ಹೇಳಲಿಲ್ಲ. ಹೇಳುವುದನ್ನು ನಾನು ಕಲಿತದ್ದು ನೀವು ಹೋದ ಮೇಲೆ, ಕಾಕಾ. ಅದೂ ಒಂದು ಕಲ್ಲಿನಿಂದ.

ನೀವು ಓಡಿಸುತ್ತಿದ್ದ ಬಸ್ಸಿಗೆ ನಾನು ಕಂಡಕ್ಟರ್ ಆಗಿ ಬಂದ ಹೊಸತು. ಸೇಡಂನಿಂದ ಚಿತ್ತಾಪುರ, ವಾಡಿ ಮೇಲಿಂದ ಶಹಾಬಾದಕ್ಕೆ ಹೋಗಿ ಬರುವ ಟ್ರಿಪ್. ಮಗಳು ಹುಟ್ಟಿದ ಮೇಲಿನಿಂದ ನನಗೊಂದು ಬಾಧೆ ಹತ್ತಿಕೊಂಡಿತ್ತು. ಮೂತ್ರಚೀಲ ಸ್ವಲ್ಪ ತುಂಬಿದರೂ ಸಾಕು, ಒಳಗೆ ಹಸಿ ಖಾರ ಅರೆದು ಸವರಿದಂತೆ ಉರಿ. ಹೋಗಿ ಬಂದರೆ ತುಸು ಹೊತ್ತು ಸಮಾಧಾನ, ಮತ್ತೆ ಅದೇ. ಡಾಕ್ಟರರು ಸೋಂಕು ಎಂದು ಗುಳಿಗೆ ಬರೆಯುತ್ತಿದ್ದರು. ಪರೀಕ್ಷೆ ಮಾಡಿಸಿದರೆ ಸೋಂಕೇ ಇರುತ್ತಿರಲಿಲ್ಲ. ನಮ್ಮ ಮನೆಯವರು ಕೋಡ್ಲಾದ ಸಿಮೆಂಟ್ ಕಾರ್ಖಾನೆಯಿಂದ ದಣಿದು ಬಂದು, "ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವಲ್ಲ. ಮನಸ್ಸಿಗ ಹಚ್ಕೋಬ್ಯಾಡ" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ತಿಳಿದದ್ದು ಅಷ್ಟೇ. ನಾನೊಂದು ಉಪಾಯ ಕಂಡುಕೊಂಡೆ. ಡ್ಯೂಟಿ ಇರುವ ದಿನ ನೀರು ಮುಟ್ಟುವುದೇ ಇಲ್ಲ. ಬೆಳಿಗ್ಗೆ ಅರ್ಧ ಕಪ್ಪು ಚಹಾ ಕುಡಿದರೆ ಸಂಜೆ ಮನೆಗೆ ಬಂದ ಮೇಲೆಯೇ ಗಂಟಲು ತೋಯಿಸುವುದು. ಬೇಸಿಗೆಯಲ್ಲೂ ಹಾಗೆಯೇ. ನಮ್ಮ ಕಡೆಯ ಬೇಸಿಗೆ ಎಂದರೆ ನಿಮಗೆ ಹೇಳಬೇಕೇ?

ಒಂದು ದಿನ ದಾರಿಯ ಸ್ಟ್ಯಾಂಡೊಂದರಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ನಾನು ಬಾಗಿಲವರೆಗೆ ಹೋಗಿ, ಹಾಗೆಯೇ ತಿರುಗಿ ಬಂದು, ಸೀಟಿನ ಕಂಬಿ ಹಿಡಿದು ನಿಂತೆ. ಕಣ್ಣಲ್ಲಿ ನೀರು ಬಂದಿದ್ದನ್ನು ನೀವು ಕನ್ನಡಿಯಲ್ಲಿ ನೋಡಿದಿರೆಂದು ಕಾಣುತ್ತದೆ. ಏನೂ ಕೇಳಲಿಲ್ಲ. ಮರುದಿನ ವಾಡಿ ದಾಟಿ ಸ್ವಲ್ಪ ದೂರ ಬಂದ ಮೇಲೆ, ರಸ್ತೆಯ ಪಕ್ಕ ಕಲ್ಲು ಪಾಲಿಶ್ ಮಾಡುವ ಒಂದು ಅಂಗಳದ ಮುಂದೆ ಗಾಡಿ ನಿಲ್ಲಿಸಿಬಿಟ್ಟಿರಿ. ಹಾಸುಗಲ್ಲುಗಳನ್ನು ಅಡ್ಡಲಾಗಿ ಜೋಡಿಸಿಟ್ಟಿದ್ದರು. ಅವುಗಳ ಹಿಂದೆ ನಾಲ್ಕು ಹಾಸುಗಲ್ಲು ನಿಲ್ಲಿಸಿ, ಮೇಲೆ ತಗಡು ಹಾಕಿದ ಒಂದು ಬಚ್ಚಲು. ಅಲ್ಲಿ ಕೆಲಸ ಮಾಡುವ ಹೆಂಗಸರಿಗಾಗಿ ಕಟ್ಟಿದ್ದು.

"ಗಾಡಿ ಬಿಸಿ ಆಗ್ಯಾದ್ರಿ. ಜರಾ ನೀರ ಕುಡಸ್ತೀನಿ," ಎಂದು ಪ್ರಯಾಣಿಕರಿಗೆ ಕೂಗಿ ಹೇಳಿ, ನನ್ನ ಕಡೆ ತಿರುಗಿಯೂ ನೋಡದೆ, "ಮಾದೇವಿ, ಇಳದು ಜರಾ ಅಡ್ಡಾಡಿ ಬಾ ಯವ್ವಾ. ನಿಂತ ನಿಂತ ಕಾಲ ಹಿಡಕೊಂಡಿರ್ತಾವ" ಎಂದಿರಿ.

ಮರುದಿನವೂ ಗಾಡಿ ಅಲ್ಲಿಯೇ ಬಿಸಿಯಾಯಿತು. ಅದರ ಮರುದಿನವೂ. ಚಳಿಗಾಲದಲ್ಲೂ. ಭಂಕೂರಿಗೆ ದಿನಾ ಹೋಗುತ್ತಿದ್ದ ಹಾಲಿನ ವ್ಯಾಪಾರಿಯೊಬ್ಬ, "ಏನ್ ಡ್ರೈವರ್ ಸಾಬ್, ನಿಮ್ಮ ಗಾಡಿ ನಮ್ಮ ಎಮ್ಮಿಕಿಂತಾ ಜಾಸ್ತಿ ನೀರ ಕುಡೀತದಲ್ರಿ!" ಎಂದಾಗ ನೀವು, "ಎಮ್ಮಿ ಹಾಲ ಕೊಡ್ತದ, ಇದು ಮಂದಿನ್ನ ಊರಿಗಿ ಮುಟ್ಟಸ್ತದ. ಕುಡೀಲಿ ಬಿಡೋ" ಎಂದು ನಕ್ಕಿರಿ. ನೀವು ಬಾನೆಟ್ ಎತ್ತಿ ನಿಂತಿರುತ್ತಿದ್ದಿರಿ. ನಾನು ಕಲ್ಲುಗಳ ಸಂದಿಯಿಂದ ಬರುವವರೆಗೆ ಆ ಬಾನೆಟ್ ಇಳಿಯುತ್ತಿರಲಿಲ್ಲ.

ಗಾಡಿ ತಡವಾಗುತ್ತದೆ ಎಂದು ಯಾರೋ ದೂರು ಕೊಟ್ಟಾಗ ನಿಮ್ಮನ್ನು ಸಾಹೇಬರ ಕೋಣೆಗೆ ಕರೆದಿದ್ದರು. ಒಳಗೆ ಏನು ನಡೆಯಿತೆಂದು ನೀವು ಹೇಳಲೇ ಇಲ್ಲ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಬಾಯಿಂದ ನನಗೆ ತಿಳಿಯಿತು. "ನನಗ ಶುಗರ್ ಅದ್ರಿ ಸರ್, ತಡಕೊಳ್ಳಾಕ ಆಗಂಗಿಲ್ಲ, ದಾರಿ ಮ್ಯಾಲ ಇಳೀಬೇಕಾಗ್ತದ" ಎಂದು ಹೇಳಿದ್ದಿರಂತೆ. ಅಂದಿನಿಂದ ಡಿಪೋದ ಕ್ಯಾಂಟೀನಿನಲ್ಲಿ ನಿಮಗೆ ಸಕ್ಕರೆಯಿಲ್ಲದ ಚಹಾ. ಮೂರು ಚಮಚೆ ಸಕ್ಕರೆ ಬೇಕಾಗುತ್ತಿದ್ದ ಮನುಷ್ಯ ನೀವು! ಮೊದಲ ದಿನ ಗುಟುಕರಿಸಿದಾಗ ನಿಮ್ಮ ಮುಖ ಹೇಗಾಯಿತೆಂದು ನಾನೇ ನೋಡಿದೆ.

"ಕಾಕಾ, ನಿಮಗ ಖರೇನೇ ಶುಗರ್ ಅದಾ?" ಎಂದು ಕೇಳಿದೆ.

"ಇನ್ನಾ ಬಂದಿಲ್ಲ. ನಮ್ಮ ಮನ್ಯಾಗ ಎಲ್ಲರಿಗೂ ಬಂದದ, ನನಗೂ ಬರ್ತದ. ಮೊದಲೇ ಹೇಳಿಟ್ಟೀನಿ," ಎಂದು ಉಳಿದ ಚಹಾವನ್ನು ಔಷಧಿಯಂತೆ ಗಟಗಟನೆ ಕುಡಿದು ಎದ್ದಿರಿ. ಅಷ್ಟೇ. ನನ್ನ ಕಾಯಿಲೆ ಏನೆಂದು ನೀವು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಲು ಅದಕ್ಕೆ ಒಂದು ಹೆಸರಾದರೂ ನನಗೆ ಗೊತ್ತಿತ್ತೇ?

ನೀವು ಬಿಟ್ಟುಹೋದ ಸೀಟಿಗೆ ಹೊಸ ಡ್ರೈವರ್ ಬಂದಾಗ ಅವನಿಗೆ ನಾನೇನು ಹೇಳಲಿ? ಒಳ್ಳೆಯ ಹುಡುಗ, ಕೈ ಮುಗಿದು ಮಾತಾಡುವವನು. ಆದರೆ ಗಾಡಿ ಅವನ ಕೈಯಲ್ಲಿ ಬಿಸಿಯಾಗುತ್ತಲೇ ಇರಲಿಲ್ಲ. ಈಗ ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕಾಕಾ. ಎಲ್ಲರೂ ನಮ್ಮಂಥವರೇ. ಆಸ್ಪತ್ರೆಗೆ, ತವರಿಗೆ, ಸಂತೆಗೆ, ಕೂಲಿಗೆ ಹೊರಟವರು. ಟಿಕೆಟ್ ಮಷೀನು ಹಿಡಿದು ಆ ನೂಕಿನಲ್ಲಿ ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಜೀವ ಹೈರಾಣ. ಮೊದಲು ನಿಮ್ಮ ನಿಲುಗಡೆಯ ಧೈರ್ಯದ ಮೇಲೆ ಒಂದೆರಡು ಗುಟುಕು ನೀರಾದರೂ ಕುಡಿಯುತ್ತಿದ್ದೆ. ಅದೂ ನಿಂತುಹೋಯಿತು.

ಚಿತ್ತಾಪುರ ಸ್ಟ್ಯಾಂಡಿನಿಂದ ಗಾಡಿ ಹೊರಬೀಳುತ್ತಿದ್ದಾಗ ಅದು ಬಂತು. ಎಡ ಬೆನ್ನಿನ ಕೆಳಗೆ ಯಾರೋ ಕಬ್ಬಿಣದ ಸಲಾಕೆ ಇಟ್ಟು ತಿರುಗಿಸಿದಂತೆ. ಹೆರಿಗೆಯ ನೋವು ಗೊತ್ತಿದ್ದವಳು ನಾನು, ಇದು ಅದಕ್ಕೂ ಮೀರಿದ್ದು. ಮಷೀನು ಕೈಯಿಂದ ಜಾರಿತು, ವಾಂತಿಯಾಯಿತು, ಮೆಟ್ಟಿಲ ಮೇಲೆಯೇ ಕುಸಿದೆ. "ಏ, ಗಾಡಿ ನಿಂದ್ರಸೋ! ಕಂಡಕ್ಟರ್ ಅಕ್ಕಗ ಏನೋ ಆಗ್ಯಾದ!" ಎಂದು ಹೆಂಗಸರೆಲ್ಲ ಕೂಗಿದರು. ಹೆಸರು ಗೊತ್ತಿಲ್ಲದ ಒಬ್ಬ ಮುದುಕಿ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಗಾಡಿ ತಿರುಗಿ ದವಾಖಾನೆಗೆ ಹೋಯಿತು. ಇಂಜೆಕ್ಷನ್ ಕೊಟ್ಟರು. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತು. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳದ ಬಾಯಲ್ಲೇ ಸಿಕ್ಕಿಕೊಂಡಿತ್ತು.

ಮೊದಲು ತೋರಿಸಿದ ಡಾಕ್ಟರರು ನಗುತ್ತಲೇ ಹೇಳಿದರು: "ಗಾಬರಿ ಆಗಬ್ಯಾಡ್ರಿ. ನೀರ ಭಾಳ ಕುಡೀರಿ, ನಿಂಬೆ ಶರಬತ್ತು ಕುಡೀರಿ. ತಾನೇ ಬೀಳ್ತದ." ಕಲ್ಲಿದ್ದ ಎಲ್ಲರಿಗೂ ಹೇಳುವ ಒಳ್ಳೆಯ ಮಾತೇ ಅದು. ನನ್ನ ಇನ್ನೊಂದು ಬಾಧೆ ಅವರಿಗೆ ಗೊತ್ತಿರಲಿಲ್ಲ, ಅವರು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ತಂಬಿಗೆ ತಂಬಿಗೆ ನೀರು ಕುಡಿದೆ, ಹುಳಿಹುಳಿಯಾಗಿ ನಿಂಬೆಹಣ್ಣು ಹಿಂಡಿ ಕುಡಿದೆ. ಕಲ್ಲು ಕದಲಲಿಲ್ಲ. ಮೂತ್ರಚೀಲ ಮಾತ್ರ ಹೊತ್ತಿಕೊಂಡಿತು. ಬಚ್ಚಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತೆ. ಕುಡಿದರೆ ಕೆಳಗೆ ಬೆಂಕಿ, ಕುಡಿಯದಿದ್ದರೆ ಬೆನ್ನಲ್ಲಿ ಸಲಾಕೆ. ಒಂದು ರೋಗದ ಔಷಧಿ ಇನ್ನೊಂದಕ್ಕೆ ವಿಷವಾದರೆ ಮನುಷ್ಯ ಎತ್ತ ಹೋಗಬೇಕು, ಹೇಳಿ? ಎರಡನೆಯ ವಾರ ಸ್ಕ್ಯಾನ್ ಮಾಡಿದಾಗ ಕಿಡ್ನಿ ಊದಿಕೊಂಡಿತ್ತು. ಆಗ ಕಲಬುರಗಿಗೆ ಹೊರಟೆವು.

ಕಲಬುರಗಿಯ ಆ ಡಾಕ್ಟರ್ ನಡುವಯಸ್ಸಿನವರು, ಮಾತು ಕಡಿಮೆ. ಸ್ಕ್ಯಾನಿಂಗ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, "ದಿನಕ್ಕ ಎಷ್ಟ ನೀರ ಕುಡೀತೀರಿ?" ಎಂದರು.

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. "ಡ್ಯೂಟಿ ಇದ್ದಾಗ ಕುಡಿಯಂಗೇ ಇಲ್ರಿ," ಎಂದೆ.

"ಯಾಕ?"

ಪಕ್ಕದಲ್ಲಿ ನಮ್ಮ ಮನೆಯವರು. ಎದುರಿಗೆ ಪರಗಂಡಸು. ಬಾಗಿಲ ಬಳಿ ಕಾಂಪೌಂಡರ್. ಕಾಕಾ, ಆ ಹೊತ್ತಿನಲ್ಲಿ ನನಗೆ ನೆನಪಾದವರು ನೀವು. ಒಂದು ಮಾತೂ ಕೇಳದೆ ತಿಳಿದುಕೊಂಡ ನಿಮ್ಮಂಥವರು ಎಲ್ಲ ಕಡೆಯೂ ಸಿಗುತ್ತಾರೆಯೇ? ಸಿಗದಿದ್ದರೆ ಹೇಳಲೇಬೇಕಲ್ಲ. ತಲೆ ತಗ್ಗಿಸಿಕೊಂಡೇ ಶುರು ಮಾಡಿದೆ. ಉರಿ, ಪದೇ ಪದೇ ಓಡುವುದು, ನಿದ್ದೆ ಒಡೆಯುವುದು, ಗಂಡನ ಹತ್ತಿರ ಮಲಗಲೂ ಹೆದರಿಕೆಯಾಗುವುದು, ಬಸ್ಸಿನಲ್ಲಿ ಬಾಯಿ ಒಣಗಿಸಿಕೊಂಡು ನಿಲ್ಲುವುದು. ಹೇಳುತ್ತ ಹೇಳುತ್ತ ತಲೆ ಎತ್ತಿದ್ದು ಯಾವಾಗಲೋ ಗೊತ್ತಾಗಲಿಲ್ಲ. ಡಾಕ್ಟರ್ ಹಳೆಯ ರಿಪೋರ್ಟುಗಳನ್ನೆಲ್ಲ ಒಂದೊಂದಾಗಿ ತಿರುವಿದರು. ಆಮೇಲೆ ನನಗಲ್ಲ, ನಮ್ಮ ಮನೆಯವರಿಗೆ ಹೇಳಿದರು:

"ನಿಮ್ಮ ಮನೀಯವರು ಸುಳ್ಳ ಹೇಳ್ಲಿಕತ್ತಿಲ್ಲ. ಸೋಂಕ ಇಲ್ಲಂದ್ರ ರೋಗ ಇಲ್ಲ ಅಂತಲ್ಲ. ಇದು ಮೂತ್ರಚೀಲದ್ದೇ ದೀರ್ಘಕಾಲದ ನೋವಿನ ಕಾಯಿಲೆ ಇರಬೇಕು. ಕಲ್ಲ ತೆಗೀಲಿಕ್ಕ ಕ್ಯಾಮೆರಾ ಹಾಕಿದಾಗ ಚೀಲಾನೂ ನೋಡ್ತೀನಿ. ಪೂರಾ ವಾಸಿ ಮಾಡ್ತೀನಂತ ಹೇಳಂಗಿಲ್ಲ. ಆದರ ಹಿಡಿತದಾಗ ಇಡಬಹುದು."

ನಮ್ಮ ಮನೆಯವರು ನನ್ನ ಮಡಿಲಲ್ಲಿದ್ದ ಕೈಚೀಲವನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅಷ್ಟು ವರ್ಷ ಹೆಸರಿಲ್ಲದೆ ನನ್ನೊಳಗೆ ಕುಳಿತಿದ್ದುದಕ್ಕೆ ಒಂದು ಹೆಸರಿದೆ ಎಂದು ಕೇಳಿದಾಗ, ನಗಬೇಕೋ ಅಳಬೇಕೋ...

ಆಪರೇಷನ್‌ಗೆ ಮೊದಲು ಡಾಕ್ಟರ್ ಇನ್ನೊಂದು ಕಷ್ಟ ಬಿಡಿಸಿ ಹೇಳಿದ್ದರು. ಹೊರಗಿನಿಂದ ಯಂತ್ರದ ಅಲೆ ಹಾಯಿಸಿ ಕಲ್ಲು ಒಡೆಯಬಹುದು, ಆದರೆ ಚೂರುಗಳು ಎಷ್ಟೋ ದಿನ ಈ ಉರಿಯುವ ಚೀಲದ ಮೂಲಕವೇ ಇಳಿಯಬೇಕು. ಒಳಗಿನಿಂದ ಸಣ್ಣ ದುರ್ಬೀನು ಹಾಕಿ ಲೇಸರ್‌ನಿಂದ ಪುಡಿ ಮಾಡಿ ತೆಗೆದರೆ ಕಲ್ಲು ಒಂದೇ ಸಲ ಹೋಗುತ್ತದೆ, ಆದರೆ ನಾಳ ಮುಚ್ಚಿಕೊಳ್ಳದಂತೆ ಸ್ಟೆಂಟ್ ಎಂಬ ಮೆತ್ತಗಿನ ಕೊಳವೆ ಇಡಬೇಕು. ಅದರ ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ತುದಿ ಮೂತ್ರಚೀಲದಲ್ಲೇ ಸುರುಳಿಯಾಗಿ ಕುಳಿತಿರುತ್ತದೆ. "ಗಟ್ಟಿ ಇದ್ದವರಿಗೇ ಅದು ಕಿರಿಕಿರಿ ಮಾಡ್ತದ. ನಿಮಗ ಇನ್ನಾ ಜಾಸ್ತಿ ಆಗ್ತದ. ಸುಳ್ಳ ಧೈರ್ಯ ಕೊಡಂಗಿಲ್ಲ," ಎಂದರು. "ಚೀಲ ಶಾಂತ ಇರಲಿಕ್ಕ ಮೊದಲೇ ಗುಳಿಗಿ ಶುರು ಮಾಡೋಣ. ಎಷ್ಟ ಜಲ್ದಿ ಆಗ್ತದೋ ಅಷ್ಟ ಜಲ್ದಿ ಸ್ಟೆಂಟ್ ತಗೀತೀನಿ." ಮುಂದೆ ಬರುವ ನೋವನ್ನು ಮೊದಲೇ ತಿಳಿಸಿ ಹೇಳಿದವರು ಅವರೊಬ್ಬರೇ. ಅದಕ್ಕೇ ಒಪ್ಪಿದೆ.

ಕಲ್ಲು ತೆಗೆದ ಮೇಲೆ ಪುಟ್ಟ ಶೀಷೆಯಲ್ಲಿ ಅದರ ಚೂರುಗಳನ್ನು ತೋರಿಸಿದರು. ನಮ್ಮ ಮನೆಯವರು ಅದನ್ನು ಅಲುಗಾಡಿಸಿ ನೋಡಿ, "ನಮ್ಮ ಕಡಿ ನೆಲದಾಗೂ ಕಲ್ಲು, ಮಂದಿ ಹೊಟ್ಟ್ಯಾಗೂ ಕಲ್ಲೇ ಏನ್ರಿ ಸರ್?" ಎಂದರು. ಡಾಕ್ಟರ್ ಮೊದಲ ಸಲ ನಕ್ಕರು. "ನೆಲದ ಕಲ್ಲಿನ ತಪ್ಪಲ್ಲ ಬಿಡ್ರಿ. ನೀರ ಕುಡೀಲಾರದ್ದಕ್ಕ ಹಿಂಗ ಆಗ್ಯಾದ." ಕ್ಯಾಮೆರಾದಲ್ಲಿ ಚೀಲದ ಒಳಗೋಡೆ ಕೆಂಪಾಗಿ, ಅಲ್ಲಲ್ಲಿ ರಕ್ತ ಜಿನುಗುತ್ತಿದ್ದುದು ಕಂಡಿತ್ತಂತೆ. ಅವರು ಅಂದುಕೊಂಡ ಕಾಯಿಲೆಯೇ ಹೌದು ಎಂದರು.

ಸ್ಟೆಂಟ್ ಒಳಗಿದ್ದ ದಿನಗಳನ್ನು ನಿಮಗೆ ವರ್ಣಿಸಿ ಹೇಳುವುದಿಲ್ಲ, ಕಾಕಾ. ಪ್ರತಿ ಸಲ ಬಚ್ಚಲಿಗೆ ಹೋದಾಗಲೂ ಕೆಳಗಿನಿಂದ ಕಿಡ್ನಿಯವರೆಗೆ ಯಾರೋ ದಾರ ಹಿಡಿದು ಎಳೆದಂತೆ. ಮೂತ್ರ ಕೆಂಪಾಗಿ ಬರುತ್ತಿತ್ತು. "ಬಸವಾ, ಬಸವಾ" ಎಂದು ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದೆ. ನಮ್ಮ ಮನೆಯವರು ಬಿಸಿನೀರಿನ ಚೀಲ ತುಂಬಿ ತಂದು ಕೊಡುತ್ತಿದ್ದರು. ಒಮ್ಮೆ, "ಇಷ್ಟ ವರ್ಷ ಹಿಂಗೇ ಇತ್ತೇನ ಮಾದೇವಿ?" ಎಂದು ಕೇಳಿದರು. "ಇಷ್ಟ ಇರಲಿಲ್ಲ. ಆದರ ಇತ್ತು," ಎಂದೆ. ಅವರು ಬಚ್ಚಲ ಹೊರಗೆ ನೆಲದ ಮೇಲೆಯೇ ಕುಳಿತರು. ಹೇಳಿದಂತೆ ಡಾಕ್ಟರ್ ಬೇಗನೇ ಸ್ಟೆಂಟ್ ತೆಗೆದರು. ಅದು ಹೊರಬಂದ ದಿನ ನಾನು ಹಗಲು ಹೊತ್ತಿನಲ್ಲೇ ನಿದ್ದೆ ಹೋದೆನಂತೆ, ಮಗಳು ಎಬ್ಬಿಸಿದರೂ ಏಳಲಿಲ್ಲವಂತೆ.

ಈಗ ಹೇಗಿದ್ದೇನೆ ಎಂದು ಕೇಳುತ್ತೀರಾ? ಚೀಲದ ಕಾಯಿಲೆ ಹೋಗಿಲ್ಲ. ಗುಳಿಗೆ ನಡೆದಿದೆ. ನಿಂಬೆ ಬಿಟ್ಟೆ, ಖಾರ ಕಡಿಮೆ ಮಾಡಿದೆ. ಚಹಾ ಬಿಡುವುದು ಮಾತ್ರ ಭಾಳ ಕಷ್ಟವಾಯಿತು. ನೀರು ಒಮ್ಮೆಗೇ ಕುಡಿಯುವುದಿಲ್ಲ, ಇಡೀ ದಿನ ಗುಟುಕು ಗುಟುಕಾಗಿ ಕುಡಿಯುತ್ತೇನೆ, ಕಲ್ಲೂ ಕಟ್ಟಬಾರದು, ಚೀಲವೂ ರೇಗಬಾರದು ಎಂದು. ಕೆಲವು ದಿನ ಎರಡೂ ಸುಮ್ಮನಿರುತ್ತವೆ. ಕೆಲವು ದಿನ ಇಲ್ಲ.

ಮತ್ತೆ ಡ್ಯೂಟಿಗೆ ಹೋದ ದಿನ ಸಾಹೇಬರ ಕೋಣೆಗೆ ನಾನೇ ಹೋದೆ. ಈಗಿನ ಸಾಹೇಬರು ಹರೆಯದವರು. "ಸರ್, ನನಗ ಮೂತ್ರಚೀಲದ ಕಾಯಿಲೆ ಅದ. ನೀರ ಕುಡೀಲೇಬೇಕು, ತಾಸಿಗೊಮ್ಮೆ ಹೋಗಲೇಬೇಕು," ಎಂದೆ. ಪಕ್ಕದ ಗುಮಾಸ್ತ ಫೈಲಿನಲ್ಲಿ ಮುಖ ಹುದುಗಿಸಿಕೊಂಡ. ನನ್ನ ದನಿ ನಡುಗಲಿಲ್ಲ, ಕಾಕಾ. ನೀವು ಕೇಳಬೇಕಿತ್ತು.

"ಕೌಂಟರ್ ಮ್ಯಾಲ ಕುಂದರ್ತೀರೇನ್ರಿ?" ಎಂದರು ಸಾಹೇಬರು.

"ಈಗೇ ಬ್ಯಾಡ್ರಿ. ಗಾಡಿ ಮ್ಯಾಲ ಇರಬೇಕು ಅನ್ನಸ್ತದ. ಸಣ್ಣ ಟ್ರಿಪ್ ಕೊಡ್ರಿ, ಸಾಕು."

ಸೇಡಂ-ಕಾಳಗಿ ಟ್ರಿಪ್ ಕೊಟ್ಟರು. ಹಾಗಾಗಿ ನಿಮ್ಮ ಊರಿಗೆ ಈಗ ದಿನಾ ಬರುತ್ತೇನೆ. ಗಾಡಿ ನಿಂತಿರುವಾಗ ನಿಮ್ಮ ಮನೆಗೆ ಹೋಗಿ ಗುರಮ್ಮ ಕಾಕಿಯ ಹತ್ತಿರ ಕುಳಿತು, ನೀರು ಕುಡಿದು, ಅವರ ಬಚ್ಚಲಿಗೆ ಹೋಗಿ ಬರುತ್ತೇನೆ. ಇಲ್ಲಿಂದ ಮುಂದಿನದನ್ನು ನಿಮಗೆ ಹೇಳಲೋ ಬೇಡವೋ ಎಂದು ಭಾಳ ಯೋಚಿಸಿದೆ. ಹೇಳುತ್ತೇನೆ.

ಒಂದು ದಿನ ಕಾಕಿ ತೊಗರಿ ಹಸನು ಮಾಡುತ್ತ, "ದಿನಾ ಬಂದಕೂಡ್ಲೇ ಬಚ್ಚಲಿಗಿ ಓಡ್ತೀಯಲ್ಲ ಯವ್ವಾ, ಆರಾಮ ಇಲ್ಲೇನು?" ಎಂದರು. ಎಲ್ಲವನ್ನೂ ಹೇಳಿದೆ. ಕಲ್ಲಿನದು, ಚೀಲದ್ದು, ವಾಡಿ ದಾಟಿದ ಮೇಲೆ ನೀವು ಗಾಡಿ ನಿಲ್ಲಿಸುತ್ತಿದ್ದುದು, ಶುಗರ್ ಇದೆಯೆಂದು ನನಗಾಗಿ ಹೇಳಿದ್ದು. ಕಾಕಿಯ ಕೈ ಮೊರದ ಮೇಲೆಯೇ ನಿಂತಿತು.

"ಅವರಿಗಿ ಇಂಥಾದ್ದೂ ತಿಳೀತಿತ್ತಾ?" ಎಂದರು ಕೊನೆಗೆ.

ಮೂರನೆಯ ಹೆರಿಗೆಯಾದ ಮೇಲೆ ಕಾಕಿಗೆ ಗರ್ಭಕೋಶ ಜಾರಿತ್ತು, ಕಾಕಾ. "ಕೆಳಗ ಗಡ್ಡಿ ಇಳದಂಗ ಆಗ್ತದ. ಕೆಮ್ಮಿದರ, ಕೊಡ ಎತ್ತಿದರ ಸೀರಿ ತೋಯ್ತದ. ಅರಿವಿ ಕಟಗೊಂಡೇ ಅಡ್ಡಾಡ್ತೀನಿ," ಎಂದರು. ಮದುವೆಗೆ, ಮುಂಜಿಗೆ ಬರದೆ ಮನೆಯಲ್ಲೇ ಉಳಿಯುತ್ತಿದ್ದರಲ್ಲ, ಅದಕ್ಕಾಗಿಯೇ. "ಕಾಕಾಗ ಹೇಳಲಿಲ್ಲೇನ್ರಿ?" ಎಂದೆ. "ಗಂಡಸರ ಮುಂದ ಹ್ಯಾಂಗ ಹೇಳ್ಲಿ? ನಾ ಹೇಳಲಿಲ್ಲ, ಅವರು ಕೇಳಲಿಲ್ಲ. ಹೇಳಿದ್ದರ..." ಎಂದು ಅಲ್ಲಿಗೇ ಬಿಟ್ಟು ಮತ್ತೆ ತೊಗರಿ ಕೇರತೊಡಗಿದರು.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಬಸ್ಸಿನಲ್ಲಿ ನಿಮಗೊಂದು ಕನ್ನಡಿ ಇತ್ತು, ನಾನು ಅದರಲ್ಲಿ ಕಂಡೆ. ಮನೆಯಲ್ಲಿ ಮುಚ್ಚಿಟ್ಟುಕೊಂಡವರನ್ನು ಯಾರು ತಾನೇ ಕಂಡುಹಿಡಿದಾರು? ಹೇಳಿದ್ದರೆ ನೀವು ಗಾಡಿಯನ್ನೇ ಮನೆಯ ಬಾಗಿಲಿಗೆ ತರುತ್ತಿದ್ದಿರಿ, ಅದು ನನಗೆ ಗೊತ್ತು. ಅದನ್ನೇ ಕಾಕಿಗೂ ಹೇಳಿದೆ. ಒಂದು ವಾರ ಒಲ್ಲೆ ಒಲ್ಲೆ ಎಂದರು. ಆಮೇಲೆ ಒಂದು ದಿನ ನಾನು ಹೋಗುವಷ್ಟರಲ್ಲಿ ಸೀರೆ ಬದಲಿಸಿ, ತಲೆ ಬಾಚಿ, "ನಡಿ ಯವ್ವಾ, ತೋರ್ಸು" ಎಂದು ಕಟ್ಟೆಯ ಮೇಲೆ ಕುಳಿತಿದ್ದರು. ರಜೆ ಹಾಕಿ ಕಲಬುರಗಿಗೆ ಹೆಂಗಸರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ನಿಮ್ಮ ಮಗನಿಗೆ ಕಾಕಿಯೇ ಫೋನ್ ಮಾಡಿ, "ನನಗ ಆಪರೇಷನ್ ಅದ, ಬಾ" ಎಂದರು. ಯಾಕೆ, ಏನು ಎಂದು ಅವನಿಗೂ ಬಾಯಿ ಬಿಟ್ಟೇ ಹೇಳಿದರು.

ಆಪರೇಷನ್ ಆಗಿದೆ. ಕಾಕಿ ಮನೆಗೆ ಬಂದಿದ್ದಾರೆ, ಭಾರ ಎತ್ತಬಾರದು, ಉಳಿದದ್ದೆಲ್ಲ ಸುಖ. ಮೊನ್ನೆ ಅವರ ಹತ್ತಿರ ಕುಳಿತು ಬಸ್ಸಿನ ಸುದ್ದಿ ಹೇಳುತ್ತಿದ್ದೆ. ಚಿಂಚೋಳಿ ಕಡೆಯ ಒಬ್ಬ ಅಜ್ಜಿ ಆಡು ಹಿಡಿದುಕೊಂಡು ಹತ್ತಿದಳು. ಆಡಿಗೆ ಟಿಕೆಟ್ ತಗೊ ಎಂದರೆ, "ಇದೂ ಹೆಣ್ಣೇ ಅದಲ್ಲೋ ಯವ್ವಾ, ಇದಕ್ಕ್ಯಾಕ ರೊಕ್ಕ? ಬೇಕಾದ್ರ ಬಗ್ಗಿ ನೋಡು!" ಎಂದು ನನ್ನ ಮೇಲೇ ಜಗಳಕ್ಕೆ ಬಂದಳು. ಕಾಕಿ ಮೊದಲು ಅಭ್ಯಾಸದಂತೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಏನೋ ನೆನಪಾದವರಂತೆ ಸೆರಗು ಬಿಟ್ಟು, ಕಂಬ ಹಿಡಿದುಕೊಂಡು, ಹೊಟ್ಟೆ ತುಂಬ ನಕ್ಕರು. ಪಕ್ಕದ ಮನೆಯಾಕೆ ಏನಾಯಿತೋ ಎಂದು ಗೋಡೆಯ ಮೇಲಿಂದ ಇಣುಕಿದಳು.

ಕಾಕಾ, ನಿಮ್ಮ ಹೆಂಡತಿಯ ನಗು ಅಷ್ಟು ಜೋರು ಎಂದು ನಿಮಗೆ ಗೊತ್ತಿತ್ತೇ?

ನಿಮ್ಮ,
ಮಹಾದೇವಿ